ಅಪ್‌ಡೇಟ್: ಕೋಳಿಗೂಡಿಗೆ ಜಾಗ ಫಿಕ್ಸ್ ಆಯ್ತು
ಹಿತ್ತಲ ತಗ್ಗಲ್ಲಿ ಗೂಡು ಕಟ್ಲಾ ಇಲ್ಲಾ ದಿಬ್ಬದ ಮೇಲಾ ಅಂತ ಕೇಳಿದ್ನಲ್ಲ, ದಿಬ್ಬಾನೇ ಆರಿಸ್ಕೊಂಡೆ. ನೀವು ಹೇಳಿದ್ ಹಾಗೆ ಜೋರು ಮಳೆ ನಿಂತ್ಮೇಲೆ ಹೋಗಿ ನೋಡಿದ್ರೆ ತಗ್ಗಲ್ಲಿ ಕಾಲಿಟ್ಟ ಕಡೆಯೆಲ್ಲಾ ಪಚಕ್ ಅಂತ ನೀರು ಬರ್ತಿತ್ತು, ದಿಬ್ಬದಲ್ಲಿ ಆಗ್ಲೇ ಇಂಗಿ ಮಣ್ಣು ಗಟ್ಟಿಯಾಗಿತ್ತು. ನೆಲ 2 ಅಡಿ ಎತ್ತರಿಸಿ, ಇರಚಲು ಹೊಡೀದಿರ್ಲಿ ಅಂತ ಸೂರು ಮುಂದಕ್ಕೆ ಚಾಚಿದೀನಿ. ಗೋಡೆ ಮೇಲ್ಭಾಗದಲ್ಲಿ ಜಾಲರಿ ಬಿಟ್ಟಿದ್ದು ನನ್ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಯಾಕಂದ್ರೆ ಹಿಕ್ಕೆ ಒದ್ದೆಯಾಗಿ ಗಾಳಿನೂ ಆಡ್ದೇ ಇದ್ರೆ ಅಮೋನಿಯಾ ಎದ್ದು ಕೋಳಿಗಳ ಕಣ್ಣು ಉಸಿರು ಎರಡೂ ಕೆಡುತ್ತೆ, ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ ಹರಡೋಕೂ ಆ ತೇವಾನೇ ಬೇಕು, ಪಾಪ ಮರಿಗಳು ತಡ್ಕೊಳಲ್ಲ. ಈಗ ಹಾಸಿದ ಹೊಟ್ಟನ್ನ ಮುಷ್ಟೀಲಿ ಹಿಂಡಿದ್ರೂ ಉಂಡೆ ಕಟ್ಟಲ್ಲ, ಉದುರಿಹೋಗುತ್ತೆ. ನೀರಿನ ಪಾತ್ರೆ ಸುತ್ತ ಮಾತ್ರ ಸ್ವಲ್ಪ ಒದ್ದೆ ಆಗ್ತಿದೆ, ಅದನ್ನ ಹೊರಗಿಡೋ ಯೋಚನೆ ಇದೆ. ಮಳೆ ಟೆಸ್ಟ್ ಹೇಳ್ಕೊಟ್ಟೋರಿಗೆ ತುಂಬಾ ಥ್ಯಾಂಕ್ಸ್.