ಪದ ಬೇಕು: ಕಂಪ್ರೆಸರ್ ಪ್ಲಗಿನ್‌ನ ‘ಡಿಸ್ಟಾರ್ಷನ್’ಗೆ ‘ಒಡಕು’ ಆದೀತೇ?

ಎಲ್ಲರಿಗೂ ನಮಸ್ಕಾರ. ಆಡಿಯೊ ಕಂಪ್ರೆಸರ್ ಪ್ಲಗಿನ್ (ಜೋರಾದ ಸದ್ದನ್ನು ಅದುಮಿ ಮಟ್ಟ ತಗ್ಗಿಸುವ ಸಾಫ್ಟ್‌ವೇರ್) ಒಂದರ ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕಳಿಸಬೇಕು. ‘ಡಿಸ್ಟಾರ್ಷನ್’ ಬಂದಲ್ಲೆಲ್ಲ ‘ವಿರೂಪಣೆ’ ಎಂದು ಹಾಕಿದ್ದೆ. ಮೊನ್ನೆ ಡೊಳ್ಳಿನ ರೆಕಾರ್ಡಿಂಗ್ ಹಾಕಿ ನೋಡಿದೆ. ರಿಲೀಸ್ (ಅದುಮಿದ್ದನ್ನು ಬಿಡಲು ತೆಗೆದುಕೊಳ್ಳುವ ಸಮಯ) 5 ಮಿಲಿಸೆಕೆಂಡಿಗೆ ಇಳಿಸಿದ ಕೂಡಲೇ ಪೆಟ್ಟಿನ ಬೆನ್ನಿಗೇ ಬರುವ ಗುಂಯ್ ನಾದ ಬರ್ರ್ ಎಂದಿತು. 150ಕ್ಕೆ ಏರಿಸಿದರೆ ಸರಿಹೋಯಿತು. ಪಕ್ಕದಲ್ಲಿದ್ದ ಸೌಂಡ್ ಸಿಸ್ಟಂ ಹುಡುಗ ‘ಸೌಂಡ್ ಒಡೀತೈತಿ ಸರ್’ ಅಂದ. ಆಮೇಲೆ ‘ವಿರೂಪಣೆ’ ಬರೆಯಲು ಕೈ ಏಳುತ್ತಿಲ್ಲ.
— ದಾವಣಗೆರೆ

ಧಾರಾಳವಾಗಿ ಹಾಕಿ. ಹರಿ–ಹರಕು, ಮುರಿ–ಮುರುಕು, ಒಡೆ–ಒಡಕು. ‘ವಿರೂಪ’ ಕಣ್ಣಿಗೆ ಸೇರಿದ ಮಾತು, ಒಡಕು ಕಿವಿಗೆ ಸೇರಿದ್ದು. ನಮ್ಮಜ್ಜಿ ಸಂತೆಯಲ್ಲಿ ಗಡಿಗೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಬಿರುಕು ಕಾಣುವ ಮೊದಲೇ ‘ಒಡಕೈತೆ’ ಎಂದು ಕೆಳಗಿಡುತ್ತಿದ್ದಳು. ‘ಕಂಪ್ರೆಸರ್’ ಮಾತ್ರ ಯಾಕೆ ಉಳಿಸಿದಿರಿ? ‘ಅದುಮುಗ’ ಎನ್ನಿ.
— ಚಿತ್ರದುರ್ಗ

‘ಅದುಮುಗ’ ಬೇಡವೇ ಬೇಡ. ಓದುಗ, ಕೇಳುಗ, ನೋಡುಗ: ಆ ‘ಗ’ ಮನುಷ್ಯರದ್ದು, ಯಂತ್ರಕ್ಕೆ ಹಚ್ಚಬೇಡಿ.

‘ವಿರೂಪ’ವನ್ನು ಅಷ್ಟು ಸುಲಭಕ್ಕೆ ಬಿಡಲಾರೆ. 50 ಹರ್ಟ್ಸ್ ಅಲೆಯ ಒಂದು ಸುತ್ತಿಗೆ 20 ಮಿಲಿಸೆಕೆಂಡು ಬೇಕು. ರಿಲೀಸ್ 5 ಇಟ್ಟರೆ ಆ ಒಂದು ಸುತ್ತಿನೊಳಗೇ ಕಂಪ್ರೆಸರ್ ಅದುಮಿ, ಬಿಟ್ಟು, ಮತ್ತೆ ಅದುಮುತ್ತದೆ. ಅಲೆಯ ಆಕಾರವೇ ಕೆಡುತ್ತದೆ, ಮೂಲದಲ್ಲಿಲ್ಲದ ಮೇಲಿನ ಸ್ವರಗಳು, ಅಂದರೆ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ರೂಪ ಕೆಟ್ಟದ್ದಕ್ಕೆ ವಿರೂಪ ಎನ್ನದೆ ಏನೆನ್ನುವುದು? ಇನ್ನೊಂದು ದೋಷವೂ ಇದೆ, ಏಲಿಯಾಸಿಂಗ್. ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ಬಾರಿ ಸದ್ದನ್ನು ಅಳೆಯುತ್ತಾರೆ ಎಂಬ ಲೆಕ್ಕ) 44,100 ಇದ್ದಾಗ, ಪ್ಲಗಿನ್ ಒಳಗೆ ಹುಟ್ಟಿ ಅದರ ಅರ್ಧವಾದ 22,050 ಹರ್ಟ್ಸ್ ದಾಟಿದ್ದೆಲ್ಲ ಮಡಿಚಿಕೊಂಡು ಕೆಳಗೆ ಬೀಳುತ್ತದೆ. ಅದಕ್ಕೆ ಮದ್ದು, ಒಳಗಡೆ ಇನ್ನೂ ಹೆಚ್ಚಿನ ದರದಲ್ಲಿ ಲೆಕ್ಕ ಹಾಕುವ ಓವರ್‌ಸ್ಯಾಂಪ್ಲಿಂಗ್. ಎರಡನ್ನೂ ‘ಒಡಕು’ ಎಂದರೆ ಓದಿದವನು ತಪ್ಪು ಗುಂಡಿ ತಿರುಗಿಸುತ್ತಾನೆ.
— ದಾವಣಗೆರೆ, ಇನ್ನೊಬ್ಬ

ಹಾಗಾದರೆ ಏಲಿಯಾಸಿಂಗ್‌ಗೆ ‘ಮಡಿಕೆ’. ನೀವೇ ‘ಮಡಿಚಿಕೊಂಡು’ ಎಂದಿರಿ! ಕನ್ನಡದ ಬೇರು ಕೈಯಲ್ಲೇ ಇದ್ದರೂ ಸಂಸ್ಕೃತಕ್ಕೋ ಇಂಗ್ಲಿಷಿಗೋ ಓಡುವುದನ್ನು ನಾನು ಒಪ್ಪುವುದಿಲ್ಲ.
— ಚಿತ್ರದುರ್ಗ

ಅರ್ಜಿ ಅರಬ್ಬಿಯದು, ಜಮೀನು ಪಾರ್ಸಿಯದು. ಅವನ್ನೂ ವಾಪಸ್ ಕಳಿಸುತ್ತೀರಾ? ಪಂಕ್ಚರ್ ಅಂಗಡಿಯವನಿಗೂ ಗೊತ್ತಿರುವ ಪದ ಕಂಪ್ರೆಸರ್.
— ದಾವಣಗೆರೆ, ಇನ್ನೊಬ್ಬ

ಇಬ್ಬರಿಗೂ ಶರಣು. ಏಲಿಯಾಸಿಂಗ್ ಹಾಗೇ ಉಳಿಸಿದೆ, ಒಳರಚನೆ ತೋರಿಸುವ ಬ್ಲಾಕ್‌ಚಿತ್ರದ ಕೆಳಗೆ ‘ಅಲೆಯ ವಿರೂಪ’ ಎಂದಿದೆ. ಪರಿಹಾರದ ಸಾಲು ಹೀಗೆ: ‘ತಗ್ಗಿನ ನಾದ ಒಡೆಯುತ್ತಿದ್ದರೆ ರಿಲೀಸ್ ಹೆಚ್ಚಿಸಿ.’ ‘ಮಡಿಕೆ’ಯ ಮಾತು ಮುಂದುವರಿಸಿ, ಎರಡನೇ ಮುದ್ರಣಕ್ಕೆ ಬೇಕಾಗುತ್ತದೆ.
— ದಾವಣಗೆರೆ