ಸಿದ್ದಿ ಮನೆತನದ ಮೂಲ: ಒಂದೇ ಡಿಎನ್‌ಎ ಪರೀಕ್ಷೆಗೆ ದುಡ್ಡಿದ್ದರೆ ಯಾರದ್ದು ಮಾಡಿಸಬೇಕು?

ಕೇಳಿದವರು, ಯಲ್ಲಾಪುರ: ನಮ್ಮದು ಸಿದ್ದಿ ಕುಟುಂಬ. ಹಿರಿಯರು ಆಫ್ರಿಕಾದ ಯಾವ ಭಾಗದವರು ಅಂತ ತಿಳಿಯಬೇಕು. ಮನೆಯಲ್ಲಿ ಅಜ್ಜಿ (ಅಪ್ಪನ ತಾಯಿ), ಅಪ್ಪ, ನಾನು ಇದ್ದೇವೆ. ನಾನು ಮಗಳು. ಸದ್ಯ ಒಬ್ಬರದ್ದೇ ಮಾಡಿಸಬಹುದು.

ಶಿರಸಿಯಿಂದ: ಅಪ್ಪನದ್ದೇ ಮಾಡಿಸಿ ತಂಗಿ. ತಂದೆಯ ಸಾಲು ಹೇಳುವ ವೈ ಕ್ರೋಮೋಸೋಮ್ ನಿಮ್ಮಲ್ಲಿಲ್ಲ, ಅಜ್ಜಿಯಲ್ಲೂ ಇಲ್ಲ. ತಾಯಿ ಸಾಲಿನ ಮೈಟೊಕಾಂಡ್ರಿಯಾ ಅಜ್ಜಿಯಿಂದ ಅಪ್ಪನಿಗೆ ಬಂದೇ ಇದೆ. ಬರೀ ತಾಯಿ ಸಾಲು ನೋಡುವ ಅಗ್ಗದ ಪರೀಕ್ಷೆ ಬೇಡ. ಕರ್ನಾಟಕದ ಸಿದ್ದಿಗಳಲ್ಲಿ ಆಫ್ರಿಕದ ಗುರುತು ತಂದೆ ಸಾಲಿನಲ್ಲೇ ಹೆಚ್ಚು. ತಾಯಿ ಸಾಲು ಭಾರತದ್ದೆಂದು ಬಂದರೆ ‘ನಾವು ಆಫ್ರಿಕದವರಲ್ಲ’ ಅಂತ ತೀರ್ಮಾನಿಸಬೇಡಿ. ಎಂಟು ತಲೆಮಾರು ಹಿಂದೆ 256 ಹಿರಿಯರಿರುತ್ತಾರೆ, ಆ ಪರೀಕ್ಷೆ ಅವರಲ್ಲಿ ಒಬ್ಬಳನ್ನಷ್ಟೇ ಕಾಣುತ್ತದೆ. ಎರಡೂ ಸಾಲಿನ ಜೊತೆ ಆಟೋಸೋಮಲ್ (ತಂದೆ ತಾಯಿ ಇಬ್ಬರಿಂದಲೂ ಬೆರೆತು ಬರುವ ಡಿಎನ್‌ಎ) ಕೂಡ ಇರುವುದನ್ನೇ ಕೇಳಿ.

ಹಳಿಯಾಳದಿಂದ: ಹೌದ್ರೀ, ಆದ್ರೆ ಮುಂದೆ ದುಡ್ಡಾದಾಗ ಮೊದಲ ಸರದಿ ಅಜ್ಜೀದು. ಅವರ ಆಟೋಸೋಮಲ್ ಡಿಎನ್‌ಎದಾಗ ಅರ್ಧ ಅಷ್ಟೇ ಅಪ್ಪಗ ಬಂದಿರ್ತದ. ಪರೀಕ್ಷೆಗೆ ಕೊಳವೆಯೊಳಗ ಉಗುಳು ಕೊಡಬೇಕು. ಕವಳ ಹಾಕೋರಾದ್ರೆ ಬಾಯಿ ಚೆನ್ನಾಗಿ ಮುಕ್ಕಳಿಸಿ ಅರ್ಧ ಗಂಟೆ ಏನೂ ತಿನ್ನದೆ, ಕುಡೀದೆ ಇರಬೇಕು. ಉಗುಳು ಕೊಳವೆಯ ಮೇಲಿನ ಗೆರೆ ಮುಟ್ಟಬೇಕು, ನೊರೆ ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ 2 ಮಿ.ಲೀ. ಬೇಕಾಗ್ತದ. ಬಾಯಿ ಒಣಗಿರೋ ವಯಸ್ಸಾದವರಿಗೆ ಕೆನ್ನೆಯ ಒಳಗೆ ಉಜ್ಜೋ ಕಡ್ಡಿ ಬರೋ ಕಿಟ್ ತಗೋರಿ. ಕೊಳವೆ ಮುಚ್ಚಿದ ಮೇಲೆ ಸಂರಕ್ಷಕ ದ್ರವ ಬೆರೆಯೋ ಹಂಗ ಅಲುಗಾಡಿಸ್ರೀ, ಇಲ್ಲಾಂದ್ರೆ ಮಾದರಿ ಕೆಟ್ಟು ಮತ್ತೆ ಕೊಡಬೇಕಾಗ್ತದ.

ಕಾರವಾರದಿಂದ: ವರದಿಯಲ್ಲಿ ದೇಶದ ಹೆಸರು ಬಂದರೆ ಅದನ್ನು ಊರಿನ ವಿಳಾಸ ಅಂದುಕೊಳ್ಳಬೇಡಿ. ಕಂಪನಿ ನಿಮ್ಮನ್ನು ತನ್ನಲ್ಲಿರುವ ಮಾದರಿಗಳ ಜೊತೆ ಹೋಲಿಸುತ್ತದೆ, ಇಲ್ಲದ ಜನಾಂಗ ಅದಕ್ಕೆ ಕಾಣುವುದೇ ಇಲ್ಲ. ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಸಂಶೋಧನಾ ಕೇಂದ್ರ) ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿದ್ದಿಗಳ ಆಫ್ರಿಕನ್ ಪಾಲು ಬಂಟು ಭಾಷಿಕರದ್ದು, ಉಳಿದುದರಲ್ಲಿ ಭಾರತೀಯರದ್ದೂ ಯುರೋಪಿಯನ್ನರದ್ದೂ ಇದೆ ಅಂತ ಕಂಡಿತ್ತು. ಈ ಬಂಟು ಭಾಷಿಕರು ಪಶ್ಚಿಮದಿಂದ ಪೂರ್ವ, ದಕ್ಷಿಣ ಆಫ್ರಿಕಕ್ಕೆಲ್ಲ ಹರಡಿದವರು. ತಂದೆ ಸಾಲು ಇ-ಎಂ2 (ವೈ ಕ್ರೋಮೋಸೋಮಿನ ಒಂದು ಗುಂಪಿನ ಹೆಸರು) ಅಂತ ಬಂದರೆ ಅದು ಅಂಗೋಲದಲ್ಲೂ ಇದೆ, ಮೊಝಾಂಬಿಕ್‌ನಲ್ಲೂ ಇದೆ. ಸುಳಿವು ಬೇಕಿದ್ದರೆ ಕಚ್ಚಾ ದತ್ತಾಂಶ ಇಳಿಸಿಕೊಂಡು, ಆಫ್ರಿಕದ ಮಾದರಿ ಹೆಚ್ಚಿರುವ ಕಡೆ ಮತ್ತೆ ಹೋಲಿಸಿ.

ಅಂಕೋಲೆಯಿಂದ: ಕ್ರಿಶ್ಚಿಯನ್ ಸಿದ್ದಿಗಳಾದರೆ ಚರ್ಚಿನ ದೀಕ್ಷಾಸ್ನಾನದ ದಾಖಲೆ, ಪಣಜಿಯ ಪತ್ರಾಗಾರ ಎರಡನ್ನೂ ನೋಡಿ. ಹಳೆಯವು ಪೋರ್ಚುಗೀಸ್‌ನಲ್ಲಿರುತ್ತವೆ. ‘ಮೊಝಾಂಬಿಕ್’ ಅಂತ ಬರೆದಿದ್ದರೆ ಹಡಗು ಹತ್ತಿಸಿದ ಬಂದರೂ ಆಗಿರಬಹುದು, ಹುಟ್ಟೂರೇ ಆಗಬೇಕೆಂದಿಲ್ಲ. ಇನ್ನೊಂದು, ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಜಾತಿ ಪ್ರಮಾಣಪತ್ರಕ್ಕೆ ಡಿಎನ್‌ಎ ವರದಿ ಕೇಳುವುದಿಲ್ಲ, ಅದಕ್ಕೆಂದು ದುಡ್ಡು ಸುರಿಯಬೇಡಿ. ಮಾದರಿ ಕೊಡುವ ಮೊದಲು ಸಂಶೋಧನೆಗೆ ಬಳಸಲು ಒಪ್ಪಿಗೆ ಕೇಳುವ ಚೌಕವನ್ನು ಅಪ್ಪನಿಗೆ ಓದಿ ಹೇಳಿ. ಗುರುತು ಹಾಕುವುದು ಬಿಡುವುದು ಅವರಿಗೆ ಬಿಟ್ಟಿದ್ದು.