ಸಹಾಯ ಬೇಕು: ನಂಬಿಕೆ ಇಲ್ಲದವನು ತೀರ್ಥ ತರಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯವನು. ದೇವರ ಮೇಲಿನ ನಂಬಿಕೆ ಹೋಗಿ ಕೆಲವು ವರ್ಷ ಆಯ್ತು. ಸ್ನೇಹಿತರಿಗೆಲ್ಲ ಗೊತ್ತು, ಜಗಳ ಏನಿಲ್ಲ. ಪುತ್ತರಿ ಸುಗ್ಗಿ ಹಬ್ಬಕ್ಕೂ ಕರೀತಾರೆ, ಕ್ರಿಸ್‌ಮಸ್‌ಗೂ ಕರೀತಾರೆ, ಎಮ್ಮೆಮಾಡು ಉರೂಸ್‌ಗೂ ಹೋಗಿ ಬಂದಿದ್ದೀನಿ. ಊಟಕ್ಕೆ ನನ್ನ ನಾಸ್ತಿಕತನ ಯಾವತ್ತೂ ಅಡ್ಡ ಬಂದಿಲ್ಲ ಬಿಡಿ.

ಸಿಕ್ಕಿಹಾಕಿಕೊಂಡಿರೋದು ತುಲಾ ಸಂಕ್ರಮಣದಲ್ಲಿ. ಅಕ್ಟೋಬರ್ 17ರ ಹೊತ್ತಿಗೆ ತಲಕಾವೇರಿಯಲ್ಲಿ ತೀರ್ಥೋದ್ಭವ, ಅಂದ್ರೆ ಕುಂಡಿಕೆ ಅನ್ನೋ ಪುಟ್ಟ ಕೊಳದಲ್ಲಿ ಕಾವೇರಿ ಉಕ್ಕಿ ಬರೋ ಗಳಿಗೆ; ಆ ನೀರನ್ನ ತೀರ್ಥ ಅಂತ ಮನೆಗೆ ತರ್ತಾರೆ. ಪ್ರತಿ ವರ್ಷ ಹೋಗೋ ಕೊಡವ ಗೆಳೆಯ ಕಾಲು ಮುರ್ಕೊಂಡು ಮಲಗಿದ್ದಾನೆ. ಅವನ ಅಜ್ಜಿಗೂ ಹುಷಾರಿಲ್ಲ, ಹಾಸಿಗೆ ಬಿಟ್ಟು ಏಳಲ್ಲ. ಕೊಡವರ ಮನೇಲಿ ಕೊನೆಗಾಲಕ್ಕೆ ಬಾಯಿಗೆ ಬಿಡೋದು ಇದೇ ನೀರು. ದೇವರ ಕೋಣೆಯ ಬಾಟಲಿಯಲ್ಲಿ ತಳ ಮಾತ್ರ ಉಳಿದಿದೆ. ಅಜ್ಜಿ ನನ್ನ ಕೈ ಹಿಡಿದು, "ಕುಂಡಿಕೆ ಹತ್ರ ಕೈ ಮುಗಿದು, ನನ್ನ ಹೆಸರು ಹೇಳಿ ತಾ ಮಗಾ" ಅಂದ್ರು. ಆಯ್ತಜ್ಜಿ ಅಂದೆ. ಇನ್ನೇನು ಹೇಳ್ಲಿ?

ಬೇರೆಯವರ ಕೈಲಿ ತರಿಸೋಣ ಅಂತ ಕೇಳಿ ನೋಡಿದೆ. ಅಜ್ಜಿ ಒಪ್ಪಲಿಲ್ಲ, ನೀನೇ ತಾ ಅಂತಾರೆ. ಗೆಳೆಯನಿಗೆ ಹೇಳಿದ್ರೆ ನಗ್ತಾನೆ. ಚರ್ಚಿಗೆ ತಪ್ಪದೆ ಹೋಗೋ ಸ್ನೇಹಿತೆ, "ನಂಬದೆ ಕೈ ಮುಗಿಯೋದು ನಾಟಕ, ಅಜ್ಜಿಗೆ ನಿಜ ಹೇಳು" ಅಂತಾಳೆ. ಐದು ಹೊತ್ತು ನಮಾಜ್ ಮಾಡೋ ಇನ್ನೊಬ್ಬ, "ಅವ್ರು ಕೇಳಿದ್ದು ನೀರು, ನಿನ್ನ ಅಭಿಪ್ರಾಯ ಅಲ್ಲ, ಹೋಗಿ ತಗೊಂಡ್ ಬಾ" ಅಂತಾನೆ. ನನಗೆ ಇಬ್ಬರದ್ದೂ ಸರಿ ಅನ್ಸುತ್ತೆ, ಅದೇ ತೊಂದರೆ.

ನೀರು ಹೊತ್ತು ತರೋಕೆ ನಂಗೇನೂ ಕಷ್ಟ ಇಲ್ಲ. ಆ ನೂಕುನುಗ್ಗಲಲ್ಲಿ ನಿಂತು ಅವರ ಹೆಸರಲ್ಲಿ ಪ್ರಾರ್ಥನೆ ಮಾಡೋದು, ಅಲ್ಲೇ ಗೊಂದಲ.

ಕೊಡವ ಮನೆಯವರು ದಯವಿಟ್ಟು ಹೇಳಿ: ತಂದವನಿಗೆ ನಂಬಿಕೆ ಇಲ್ಲ ಅಂತ ಗೊತ್ತಾದ್ರೆ ನಿಮ್ಮ ಹಿರಿಯರು ಆ ತೀರ್ಥ ತಗೋತಾರಾ? ನಾನು ತಲಕಾವೇರಿಗೆ ಹೋಗೋ ಮೊದಲೇ ಅಜ್ಜಿಗೆ ಹೇಳಿಬಿಡ್ಲಾ, ಬೇಡ್ವಾ?